ಊರಿನ ಮಂಚ, ಬಾಡಿಗೆ ಮನೆ, 50 ಸಾವಿರದ ಲೆಕ್ಕ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಪಾಲಾಯಿತು. ನನ್ನ ಪಾಲಿಗೆ ಆರೂಕಾಲು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಮಂಚ, ಬೆತ್ತ ಹರಿದ ಆರಾಮ ಕುರ್ಚಿ, ಹಸಿರು ಬಣ್ಣ ಬಳಿದ ಸಣ್ಣ ಪತ್ತಾಯ (ಧಾನ್ಯ ತುಂಬುವ ಮರದ ಪೆಟ್ಟಿಗೆ), ಹಿತ್ತಾಳೆ ಸರಪಳಿಯ ತೂಗುಮಣೆ, ಕೆತ್ತನೆಯ ಒಂದು ಬಾಗಿಲು ಬಂದಿವೆ. ಬೆಂಗಳೂರಿನಲ್ಲಿ ನಮ್ಮದು ಬಾಡಿಗೆ ಫ್ಲ್ಯಾಟು, ಹಾಲ್ 11×16 ಅಡಿ. ಖರ್ಚು 50,000 ರೂಪಾಯಿ ಮೀರುವಂತಿಲ್ಲ. ಎಲ್ಲಕ್ಕೂ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯಲು 42,000, ಲಗೇಜ್ ಗಾಡಿಗೆ 12,000 ಕೇಳುತ್ತಿದ್ದಾರೆ. ಇಲ್ಲಿ ಬಡಗಿ, ಪಾಲಿಶ್‌ನವರ ದಿನಗೂಲಿ 1,400. ಮಂಚ ಬೀಟೆಯದೋ ಮತ್ತಿಯದೋ ತಿಳಿಯದು. ಅದರ ಒಂದು ಕಾಲಿನಿಂದ ಪುಡಿ ಉದುರುತ್ತದೆ. ಉಯ್ಯಾಲೆ ಹಾಕಲೇಬೇಕೆಂದು ಮಕ್ಕಳ ಹಠ. ಆರಾಮ ಕುರ್ಚಿಯನ್ನು ಅಮೆರಿಕದಲ್ಲಿರುವ ತಮ್ಮ ಕೇಳುತ್ತಿದ್ದಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಪಿಯು ಪಾಲಿಶ್‌ನವರಿಗೆ ಬೇಡ ಎಂದು ಹೇಳಿಬಿಡಿ. ನಿಮ್ಮ ಹತ್ತಿರ ಮರ ಇದೆ, ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಇನ್ನು ನಿಮ್ಮ ದುಡ್ಡು ಕರಗುವುದು ಕೂಲಿಯಲ್ಲಿ. ಹಾಗಾಗಿ ಪ್ರತಿ ಸಾಮಾನಿನ ಮುಂದೆ ನಿಂತು, ಇದರಲ್ಲಿ ಯಾವ ಕೆಲಸ ಮಾಡಿಸದೆ ಬಿಡಬಹುದು ಎಂದು ಕೇಳಿಕೊಳ್ಳಿ. ಹಳೆಯ ಪಾಲಿಶ್ ಪೂರ್ತಿ ಕೆರೆದು ತೆಗೆಯುವುದೇ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವ ಕೆಲಸ, ಮತ್ತು ಹತ್ತರಲ್ಲಿ ಏಳೆಂಟು ಸಲ ಅದರ ಅಗತ್ಯವೇ ಇರುವುದಿಲ್ಲ. ಪಿಯು ಗಟ್ಟಿ ಪದರ ನಿಜ. ಆದರೆ ಒಮ್ಮೆ ಗೀರಿತೆಂದರೆ ಅಷ್ಟೇ ಜಾಗವನ್ನು ಸರಿಪಡಿಸುವುದು ಕಷ್ಟ, ಇಡೀ ಹಲಗೆ ಕೆರೆಯಬೇಕಾಗುತ್ತದೆ. ಮಂಚ ಬೀಟೆಯದಾದರೆ ಇನ್ನೊಂದು ತೊಡಕು: ಅದರ ಸಹಜ ಎಣ್ಣೆಯಂಶದ ಮೇಲೆ ಕೆಲವು ಪಾಲಿಶ್‌ಗಳು ಸರಿಯಾಗಿ ಒಣಗದೆ ಅಂಟಂಟಾಗಿ ಉಳಿಯುತ್ತವೆ.

ಎರಡನೆಯದು, ಸಾಮಾನು ಬಂದ ಮಾರನೇ ದಿನವೇ ಬಡಗಿಯನ್ನು ಕರೆಯಬೇಡಿ. ತೀರ್ಥಹಳ್ಳಿಯ ತೇವದಲ್ಲಿ ದಶಕಗಟ್ಟಲೆ ಇದ್ದ ಮರ ಬೆಂಗಳೂರಿನ ಒಣಗಾಳಿಗೆ ಬಂದಾಗ ಕುಗ್ಗುತ್ತದೆ. ಗಟ್ಟಿಯಾಗಿದ್ದ ಕೀಲು ಸಡಿಲವಾಗುತ್ತದೆ, ಹಲಗೆಗಳ ನಡುವೆ ಸಂದು ಬೀಳುತ್ತದೆ. ಕುಗ್ಗುವ ಮೊದಲೇ ಅಂಟು ಹಾಕಿದರೆ ಆಮೇಲೆ ಅಂಟಿನ ಪಕ್ಕದಲ್ಲಿ ಮರ ಸೀಳುತ್ತದೆ, ಸಂದಿಗೆ ತುಂಬಿದ ಪುಟ್ಟಿ ಮುಂದಿನ ಮಳೆಗಾಲದಲ್ಲಿ ಉಬ್ಬಿ ಹೊರಬರುತ್ತದೆ. ಕನಿಷ್ಠ ಆರು ವಾರ ಬಿಸಿಲು ನೇರ ಬೀಳದ, ಗಾಳಿಯಾಡುವ ಕಡೆ ನಿಲ್ಲಿಸಿ. ಡಿಸೆಂಬರ್‌ನಲ್ಲಿ ತಂದು ಫೆಬ್ರುವರಿಯಲ್ಲಿ ಕೆಲಸ ಹಿಡಿದರೆ ಒಳ್ಳೆಯದು. ಪಾಲಿಶ್‌ಗೂ ಒಣಹವೆಯೇ ಬೇಕು.

ಈ ಆರು ವಾರಗಳಲ್ಲಿ ಪುಡಿಯ ವಿಷಯ ಇತ್ಯರ್ಥ ಮಾಡಿಕೊಳ್ಳಬಹುದು. ಮಂಚದ ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ, ತಾರೀಕು ಬರೆದಿಡಿ. ಮೈದಾ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದರೆ ಕುಟ್ಟೆ. ಗಸಗಸೆಯಂತೆ ಕಾಳುಕಾಳಾಗಿ ಬಿದ್ದರೆ ಅದು ಒಣಮರದೊಳಗೇ ಬದುಕುವ ಗೆದ್ದಲು. ಮಣ್ಣಿನ ಗೂಡಿನ ಗೆರೆ ಕಂಡರೆ ಮಾಮೂಲಿ ಒರಲೆ; ನೆಲದ ಸಂಪರ್ಕ ತಪ್ಪಿದ್ದರಿಂದ ಅದು ಬಹುತೇಕ ಊರಲ್ಲೇ ಉಳಿದಿರುತ್ತದೆ. ಮೂರು ವಾರದಲ್ಲಿ ಕಾಗದದ ಮೇಲೆ ಏನೂ ಬೀಳದಿದ್ದರೆ ಅವು ಹಳೆಯ ತೂತುಗಳಷ್ಟೇ ಎಂದು ತಿಳಿಯಬಹುದು. ಆದರೂ ಮುಂದಿನ ಬೇಸಿಗೆ, ಮಳೆಗಾಲ ಕಳೆಯುವವರೆಗೆ ಆಗಾಗ ನೋಡುತ್ತಿರಿ. ಗಾಡಿಯಲ್ಲಿ ಅಲುಗಾಡಿದ್ದಕ್ಕೆ ಒಳಗಿನ ಹಳೇ ಪುಡಿ ಮೊದಲ ಎರಡು ಮೂರು ದಿನ ಉದುರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹುಳು ಜೀವಂತ ಇದೆಯೆಂದಾದರೆ, ಪಾಲಿಶ್ ಇಲ್ಲದ ಬರಿ ಮರಕ್ಕೆ ಬೋರಾಕ್ಸ್ ದ್ರಾವಣ ಸಾಕು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ, ಬಿಸಿ ಇರುವಾಗಲೇ ಬ್ರಷ್‌ನಿಂದ ಹಚ್ಚಿ. ಒಂದು ಸಲದ್ದು ಹೀರಿಕೊಂಡ ಮೇಲೆ ಇನ್ನೊಂದು, ಹೀಗೆ ಮೂರು ಸಲ. ಪಾಲಿಶ್ ಇರುವ ಕಡೆ ಇದು ಒಳಗಿಳಿಯುವುದಿಲ್ಲ; ಮಂಚದ ಅಡಿಭಾಗ, ಕೀಲಿನ ಒಳಗು, ಕಾಲಿನ ತುದಿ ಇವೇ ಇದರ ಜಾಗ. ತೂತುಗಳಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಣ್ಣೆರೂಪದ ಬೋರರ್ ಔಷಧಿಯನ್ನು ಸಿರಿಂಜಿನಲ್ಲಿ ಬಿಟ್ಟು, ಆ ಕಾಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ನಾಲ್ಕು ದಿನ ಬಿಡಿ. ವಾರ ಬಿಟ್ಟು ಇನ್ನೊಮ್ಮೆ. ಕೈಗವಸು ಹಾಕಿಕೊಳ್ಳಿ, ಹತ್ತಿರ ದೀಪ, ಊದುಬತ್ತಿ ಬೇಡ, ಎರಡು ವಾರ ಆ ಮಂಚದ ಮೇಲೆ ಯಾರೂ ಮಲಗುವುದು ಬೇಡ. ತೊಟ್ಟಿಲಿಗೂ ಅಡುಗೆಮನೆಯ ಸಾಮಾನಿಗೂ ಈ ಔಷಧಿ ಮುಟ್ಟಿಸಲೇಬಾರದು. ಆಮೇಲೆ ದಬ್ಬಣದಿಂದ ಕಾಲನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಆಳ ಸಲೀಸಾಗಿ ಇಳಿದರೆ ಔಷಧಿಯಿಂದ ಆ ಕಾಲಿಗೆ ಬಲ ಬರುವುದಿಲ್ಲ; ಕೆಟ್ಟ ತುಂಡನ್ನು ಓರೆಯಾಗಿ ಕೊಯ್ದು ಹಳೇ ಮರದ್ದೇ ತುಂಡು ಕೂಡಿಸಬೇಕು.

ಬೀಟೆಯೋ ಮತ್ತಿಯೋ ಎಂಬುದಕ್ಕೆ ಮಂಚದ ಕೆಳಮೈಯಲ್ಲಿ ಉಗುರಗಲ ಜಾಗ ಬರಿ ಮರ ಕಾಣುವ ತನಕ ಕೆರೆಯಿರಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಲ್ಲಿ ಒತ್ತಿ ಹಿಡಿದರೆ ಬೀಟೆ ನೇರಳೆ ಛಾಯೆ ಬಿಡುತ್ತದೆ. ಕೆರೆದಾಗ ನವಿರಾದ ಪರಿಮಳವೂ ಇರುತ್ತದೆ. ಮತ್ತಿಯೂ ಭಾರವೇ, ಕಪ್ಪು ಗೆರೆಯೂ ಇರುತ್ತದೆ. ಆದರೆ ಅದು ಕಂದು, ಎಳೆ ಒರಟು, ಉದ್ದಕ್ಕೆ ಬಿರುಕು ಜಾಸ್ತಿ. ಕುಟ್ಟೆ ಹಿಡಿಯುವುದು ಸಾಮಾನ್ಯವಾಗಿ ಯಾವ ಮರದಲ್ಲೂ ಚೇಗನ್ನಲ್ಲ (ಒಳಗಿನ ಗಟ್ಟಿ ತಿರುಳು), ಹೊರಗಿನ ಬೆಳ್ಳಗಿನ ಪದರವನ್ನು. ಬೀಟೆ ಮಂಚಕ್ಕೂ ಒಂದು ಕಾಲಿಗೆ ಮಾತ್ರ ಹುಳು ಬಿದ್ದಿರಬಹುದು, ಹಳೇ ಬಡಗಿ ಅಲ್ಲಿ ಬಿಳಿ ಉಳಿಸಿದ್ದರೆ. ಒಟ್ಟಿನಲ್ಲಿ ಎರಡೂ ಮರ ನಿಮ್ಮ ಮೊಮ್ಮಕ್ಕಳವರೆಗೆ ಬಾಳುತ್ತವೆ, ಮತ್ತಿ ಎಂದು ಗೊತ್ತಾದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ.

ಗಾಡಿಗೆ ಏರಿಸುವಾಗ ಮಂಚವನ್ನು ಬಿಚ್ಚಿಯೇ ತನ್ನಿ. ಹಳೇ ಮಂಚಗಳಲ್ಲಿ ಚೌಕಟ್ಟಿನ ನಾಲಗೆ ಕಾಲಿನ ತೂತಿಗೆ ಕೂತು, ಅಡ್ಡ ಬೆಣೆಯೋ ಬಿದಿರಿನ ಮೊಳೆಯೋ ಬಿಗಿದಿರುತ್ತದೆ. ಬೆಣೆಯನ್ನು ಸಪೂರ ತುದಿಯ ಕಡೆಯಿಂದ ಮರದ ತುಂಡಿಟ್ಟು ಬಡಿಯಬೇಕು; ಕಬ್ಬಿಣದ ಸುತ್ತಿಗೆ ನೇರ ತಾಗಿದರೆ ಅಂಚು ಒಡೆಯುತ್ತದೆ. ಬಿಚ್ಚುವ ಮೊದಲು ಪ್ರತಿ ಕೀಲಿನ ಎರಡೂ ಕಡೆ ಒಂದೇ ಸಂಖ್ಯೆ ಬರೆಯಿರಿ. ಕೈಯಲ್ಲಿ ಮಾಡಿದ ಮಂಚದಲ್ಲಿ ಒಂದು ಮೂಲೆಯ ನಾಲಗೆ ಇನ್ನೊಂದು ಮೂಲೆಗೆ ಕೂರುವುದಿಲ್ಲ. ಹಳೇ ಕಂಬಳಿ ಸುತ್ತಿ, ಪ್ಲಾಸ್ಟಿಕ್ ಬೇಡ, ಬಿಸಿಲಿಗೆ ಒಳಗೆ ಬೆವೆತು ಪಾಲಿಶ್ ಬಿಳಿಚಿಕೊಳ್ಳುತ್ತದೆ. ಜಾಗ ಇದೆಯೆಂದು ಅದೇ ಗಾಡಿಗೆ ಹಳೇ ಮನೆಯ ತೊಲೆ, ಹಲಗೆ ಹೇರಿಸಬೇಡಿ. ಬಿಡಿ ಮರ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಹೊರಡುವ ಮೊದಲು ಫ್ಲ್ಯಾಟಿನ ಲಿಫ್ಟಿನ ಬಾಗಿಲು, ಮೆಟ್ಟಿಲ ತಿರುವು, ಪತ್ತಾಯ ಮೂರರದ್ದೂ ಅಳತೆ ಇಟ್ಟುಕೊಳ್ಳಿ. ಪತ್ತಾಯ ತಿರುವಿನಲ್ಲಿ ಸಿಕ್ಕಿಕೊಂಡು ವಾಪಸ್ ಹೋದರೆ ಇನ್ನೊಂದು 12,000.

ಇನ್ನು ಪಾಲಿಶ್. ಈಗಿರುವುದು ಯಾವುದು ಎಂದು ಮೊದಲು ತಿಳಿಯಬೇಕು. ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಒತ್ತಿದಾಗ ಅರ್ಧ ನಿಮಿಷದಲ್ಲಿ ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂಗಡಿಯವರು ಫ್ರೆಂಚ್ ಪಾಲಿಶ್ ಎನ್ನುವುದು. ಮಲೆನಾಡಿನ ಹಳೇ ಮಂಚಕ್ಕೆ ಇದೇ ಇರುವ ಸಂಭವ ಹೆಚ್ಚು. ಇದರ ದೊಡ್ಡ ಗುಣವೆಂದರೆ ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಅದರೊಳಗೇ ಬೆರೆಯುತ್ತದೆ, ಕೆರೆಯುವ ಮಾತೇ ಇಲ್ಲ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಹಾಕಿ, ಬಟ್ಟೆ ಹಿಂಡಿ ಒರೆಸಿ. ಹೊಗೆಯ ಜಿಡ್ಡು ಬಿಡದಿದ್ದರೆ ಟರ್ಪೆಂಟೈನ್. ಒಣಗಿದ ಮೇಲೆ 320 ನಂಬರಿನ ಉಪ್ಪುಕಾಗದದಿಂದ ಎಳೆಯುದ್ದಕ್ಕೆ ಹಗುರವಾಗಿ ಉಜ್ಜಿ, ಅಷ್ಟೇ.

ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು; ಕಬ್ಬಿಣದ ಡಬ್ಬಿಯಲ್ಲಿ ಅರಗು ಕಪ್ಪಾಗುತ್ತದೆ. ಹಳೇ ಪಂಚೆಯ ತುಂಡಿನೊಳಗೆ ಹತ್ತಿಯಿಟ್ಟು ಉಂಡೆ ಕಟ್ಟಿ, ದ್ರವ ಹೀರಿಸಿ, ಕೈ ಎಲ್ಲೂ ನಿಲ್ಲದಂತೆ ಎಳೆಯುದ್ದಕ್ಕೆ ಎಳೆಯಬೇಕು. ನಿಂತಲ್ಲಿ ಉಂಡೆ ಅಂಟಿ ಗಾಯ ಮಾಡುತ್ತದೆ. ದಿನಕ್ಕೆ ಎರಡು ಮೂರು ಪದರ, ನಡುವೆ ಎರಡು ಗಂಟೆ. ಮೇಲೆ ಬಿಳಿ ಮಂಜಿನಂತೆ ಕವಿದರೆ ಗಾಳಿಯ ತೇವ ಒಳಗೆ ಸಿಕ್ಕಿದೆ ಎಂದರ್ಥ. ಒಣ ದಿನ ನೋಡಿ ಬರಿ ಸ್ಪಿರಿಟ್ ತುಸುವೇ ತಾಗಿಸಿದ ಉಂಡೆ ಹಾಯಿಸಿದರೆ ಹೋಗುತ್ತದೆ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಆರಿರಲಿ. ಇದನ್ನು ನೀವೇ ಮಾಡಬಹುದು. ಮಂಚದ ತಲೆಕಡೆಯ ಕೆತ್ತನೆಗೆ ಮಾತ್ರ ಕೈ ಪಳಗಿದವರು ಬೇಕು. ಆದರೆ ಯಾರೇ ಬರಲಿ, ಹಳೇ ಪಾಲಿಶ್ ತೆಗೆಯಲು ಕಾಸ್ಟಿಕ್ ಸೋಡ ಮುಟ್ಟಗೊಡಬೇಡಿ. ಬೇಗ ಮುಗಿಯುತ್ತದೆಂದು ಅದನ್ನು ಬಳಸುವುದುಂಟು. ಮರ ಕಪ್ಪಡರುತ್ತದೆ, ಎಳೆ ಎದ್ದು ನಿಲ್ಲುತ್ತದೆ, ಕೀಲಿನೊಳಗಿನ ಅಂಟು ಕರಗುತ್ತದೆ.

ಅರಗಿಗೆ ಬಿಸಿ ಲೋಟವೂ ನಿಂತ ನೀರೂ ಆಗದು, ಬಿಳಿ ಉಂಗುರ ಬೀಳುತ್ತದೆ. ಹಾಗಾಗಿ ಕಾಫಿ ಇಡುವ ಜಾಗಕ್ಕೆ ಎಣ್ಣೆ. ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಅಗಸೆ ಎಣ್ಣೆಗೆ (ಮನೆಯಲ್ಲಿ ಕುದಿಸುವುದಲ್ಲ) ಸಮ ಟರ್ಪೆಂಟೈನ್ ಬೆರೆಸಿ ಹಚ್ಚಿ, 20 ನಿಮಿಷಕ್ಕೆ ಹೀರದೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಒರೆಸದಿದ್ದರೆ ತಿಂಗಳಾದರೂ ಅಂಟು ಹೋಗದು, ಧೂಳು ಹಿಡಿಯುತ್ತದೆ. ದಿನಕ್ಕೊಂದರಂತೆ ಮೂರು ಪದರ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ನೀರಿನಲ್ಲಿ ಮುಳುಗಿಸಿ.

ಪತ್ತಾಯದ ಹಸಿರು ಬಣ್ಣದ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸ ಇದೆ ಎಂದೇ ಭಾವಿಸಿ ನಡೆಯಬೇಕು. ಒಣ ಉಪ್ಪುಕಾಗದ ಹಾಕಿ ಉಜ್ಜುವುದು, ಬಿಸಿಗಾಳಿಯ ಯಂತ್ರ ಹಿಡಿಯುವುದು ಎರಡೂ ಕೂಡದು. ಆ ಧೂಳು ಮಕ್ಕಳಿರುವ ಮನೆಗೆ ವಿಷ. ತೆಗೆಯಲೇಬೇಕೆಂದರೆ ಮನೆಯ ಹೊರಗಿಟ್ಟು, ಪೇಂಟ್ ರಿಮೂವರ್ ಹಚ್ಚಿ ಒದ್ದೆಯಾಗಿಯೇ ಹೆರೆದು, ಪತ್ರಿಕೆಯಲ್ಲಿ ಕಟ್ಟಿ ಎಸೆಯಬೇಕು. ಆದರೆ ತೆಗೆಯುವುದೇಕೆ? ಮಾಸಿದ ಹಸಿರು ಬೀಟೆಯ ಪಕ್ಕ ಚೆನ್ನಾಗಿಯೇ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣ ಚಕ್ಕೆ ಏಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನೀರಿನಲ್ಲಿ ಬೆರೆಯುವ ಪಾರದರ್ಶಕ ವಾರ್ನಿಷ್ ಎರಡು ಪದರ ಹೊಡೆಯಿರಿ. ಎರಡು ದಿನದ ಕೂಲಿ, ಅಂದರೆ 2,800 ಉಳಿಯಿತು. ಚಕ್ಕೆ ಏಳುತ್ತಿದ್ದರೆ ಮಾತ್ರ ಈ ಉಪಾಯ ನಡೆಯದು. ಪತ್ತಾಯದ ಚಿಲಕ ಕಿತ್ತುಬಿಡಿ, ಬೆನ್ನಿನ ಹಲಗೆಯಲ್ಲಿ ಒಂದಿಂಚಿನ ನಾಲ್ಕು ತೂತು ಕೊರೆಸಿ, ಮುಚ್ಚಳ ಧಡಾರನೆ ಬೀಳದಂತೆ ಸರಪಳಿ ಹಾಕಿಸಿ. ಕಣ್ಣಾಮುಚ್ಚಾಲೆಯಲ್ಲಿ ಮಗು ಒಳಗೆ ಕೂತು ಚಿಲಕ ಬಿದ್ದರೆ ಉಸಿರಿಗೆ ದಾರಿಯಿರುವುದಿಲ್ಲ. ಅದರ ಮೇಲೆ ಟಿವಿ ಇಡುವವರು ಬಹಳ. ಇಟ್ಟ ಮೇಲೆ ಮುಚ್ಚಳ ತೆರೆಯುವುದು ಹೇಗೆ? ಹಾಸಿಗೆ, ಹೊದಿಕೆ ತುಂಬಲು ಬಿಡಿ.

ಆರಾಮ ಕುರ್ಚಿಯ ಚೌಕಟ್ಟನ್ನು ಸುತ್ತ ನೋಡಿ. ಅರ್ಧ ಇಂಚಿಗೊಂದರಂತೆ ತೂತುಗಳಿದ್ದರೆ ಕೈಹೆಣಿಗೆ: ನೆಟ್ಟಗೆ ಎರಡು, ಅಡ್ಡ ಎರಡು, ಓರೆ ಎರಡು, ಕೊನೆಗೆ ಅಂಚಿನ ಪಟ್ಟಿ. ದಿನಗಟ್ಟಲೆ ಹಿಡಿಯುವ ಕೆಲಸ, ಆದರೆ ಬಹಳ ವರ್ಷ ಬಾಳುತ್ತದೆ. ತೂತಿನ ಬದಲು ಸುತ್ತ ಸಣ್ಣ ಕಾಲುವೆ ಕೊರೆದಿದ್ದರೆ, ಸಿದ್ಧ ಬೆತ್ತದ ಜಾಲರಿ ಸಾಕು, ಅಗ್ಗ. ಜಾಲರಿಯನ್ನು ಕಾಲುವೆಯಲ್ಲಿ ಹಿಡಿದಿಡುವ ಹಳೇ ಪಟ್ಟಿಯನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿಯೇ ಎಬ್ಬಿಸಬೇಕು; ಒಣಗಿದ್ದನ್ನು ಉಳಿಯಿಂದ ಮೀಟಿದರೆ ಕಾಲುವೆಯ ತುಟಿ ಹಾರುತ್ತದೆ. ಹೊಸ ಜಾಲರಿಯನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಒದ್ದೆಯಾಗಿರುವಾಗಲೇ ಎಳೆದು ಕೂರಿಸಿ, ಪಟ್ಟಿ ಬಡಿಯಬೇಕು. ಒಣಗಿದಾಗ ಅದು ತಮಟೆಯಂತೆ ಬಿಗಿಯುತ್ತದೆ. ಒಣ ಬೆತ್ತವನ್ನೇ ಹೊಡೆದು ಹೋದರೆ ಆರು ತಿಂಗಳಲ್ಲಿ ಜೋಲುತ್ತದೆ. ಎರಡು ದಿನ ಯಾರೂ ಕೂರಬಾರದು. ಚೌಕಟ್ಟಿನ ಕೀಲು ಅಲುಗುತ್ತಿದ್ದರೆ ಬೆತ್ತಕ್ಕೂ ಮೊದಲು ಅದನ್ನು ಬಿಚ್ಚಿ, ಹಳೇ ಅಂಟು ಪೂರ್ತಿ ಕೆರೆದು, ಫೆವಿಕಾಲ್ ಹಾಕಿ, ಹಗ್ಗ ಸುತ್ತಿ ಕೋಲಿನಿಂದ ತಿರುಚಿ ಬಿಗಿದು 24 ಗಂಟೆ ಬಿಡಬೇಕು. ಹಳೇ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಅಲುಗುತ್ತದೆಂದು ಮೊಳೆ ಹೊಡೆಸಿದರೆ ಆ ಕೀಲಿನ ಕಥೆ ಮುಗಿದಂತೆ. ಮುಂದೆ ಬೆತ್ತ ಸ್ವಲ್ಪ ಸಡಿಲಾದಾಗ ಅಡಿಯಿಂದ ನೀರು ಸಿಂಪಡಿಸಿ ನೆರಳಿನಲ್ಲಿ ಒಣಗಿಸಿ. ಬೆತ್ತದ ಅಡಿಮೈಗೆ ವಾರ್ನಿಷ್ ಬೇಡ, ಅಲ್ಲಿಂದಲೇ ಅದು ತೇವ ಕುಡಿಯುವುದು.

ಕುರ್ಚಿ ಅಮೆರಿಕಕ್ಕೆ? ಅದು ಬೀಟೆಯದಾದರೆ ತೊಡಕು: ಬೀಟೆ 2017ರಿಂದ ಸೈಟಿಸ್ ಒಪ್ಪಂದದ (ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ಇಂಥ ಭಾರದ ಸಾಮಾನನ್ನು ಸಾಮಾನ್ಯವಾಗಿ ಕಾಗದಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ಜೊತೆಗೆ 100 ವರ್ಷ ದಾಟಿದ ಪುರಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ. ಹಳೆಯದಾಗಿ ಕಾಣುವ ಸಾಮಾನಿಗೆ ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಸಾಗಣೆಯ ಖರ್ಚು ಬೇರೆ. ತಮ್ಮನವರು ಊರಿಗೆ ಬಂದಾಗ ಇಲ್ಲೇ ಕೂರಲಿ.

ಉಯ್ಯಾಲೆಯ ಮಾತಿಗೆ ಬರೋಣ, ಮಕ್ಕಳಿಗೆ ಬೇಸರವಾಗುತ್ತದೆ. ಬಾಡಿಗೆ ಫ್ಲ್ಯಾಟಿನ ತಾರಸಿಗೆ ತೂಗುಹಾಕಬೇಡಿ. ಮೂವರು ದೊಡ್ಡವರು ಕೂತರೆ 200 ಕಿಲೋ, ಹಲಗೆ, ಸರಪಳಿ ಸೇರಿ 250ರ ಹತ್ತಿರ. ತೂಗುವಾಗ ಕೊಂಡಿಯ ಮೇಲಿನ ಎಳೆತ ಇದಕ್ಕಿಂತ ಹೆಚ್ಚು, ಮತ್ತು ಅದು ಒಂದೇ ಸಮ ಇರದೆ ಹಿಂದೆಮುಂದೆ ಜಗ್ಗುತ್ತದೆ. ಊರಿನ ಮನೆಯಲ್ಲಿ ಅಡ್ಡತೊಲೆ ಈ ಭಾರ ಹೊರುತ್ತಿತ್ತು. ಇಲ್ಲಿರುವುದು ಐದಾರು ಇಂಚಿನ ಕಾಂಕ್ರೀಟ್ ಹಲಗೆ. ಕೊರೆಯುವಾಗ ಕಂಬಿಯೋ ವಿದ್ಯುತ್ ಪೈಪೋ ಸಿಕ್ಕಬಹುದು. ಕೆಲವು ಹೊಸ ಕಟ್ಟಡಗಳ ತಾರಸಿಯೊಳಗೆ ಬಿಗಿದೆಳೆದ ಉಕ್ಕಿನ ಹಗ್ಗಗಳಿರುತ್ತವೆ, ಅದಕ್ಕೆ ಡ್ರಿಲ್ ತಾಗಿದರೆ ದೊಡ್ಡ ಅನಾಹುತ. ಜಾಗದ ಲೆಕ್ಕವೂ ಕೂಡುವುದಿಲ್ಲ: ಎರಡು ಅಡಿ ಅಗಲದ ಮಣೆಗೆ ಮುಂದೆ ಎರಡೂವರೆ, ಹಿಂದೆ ಎರಡೂವರೆ, ಒಟ್ಟು ಏಳು ಅಡಿ ಖಾಲಿ ಬೇಕು. ನಿಮ್ಮ 11 ಅಡಿಯಲ್ಲಿ ಮಂಚ ಮೂರೂವರೆ ನುಂಗಿದ ಮೇಲೆ ಓಡಾಡಲು ಅರ್ಧ ಅಡಿ. ಸ್ವಂತ ಮನೆ ಕಟ್ಟಿಸಿದ ದಿನ ತೊಲೆಯ ಕಂಬಿಗೇ ಕೊಂಡಿ ಕಟ್ಟಿಸಿ ಕಾಂಕ್ರೀಟ್ ಹಾಕಿಸಿ. ಅಲ್ಲಿಯವರೆಗೆ ಸರಪಳಿಗೆ ಎಣ್ಣೆ ಒರೆಸಿ ಪತ್ತಾಯದೊಳಗಿಡಿ. ಮಣೆಯನ್ನು 16 ಇಂಚು ಎತ್ತರದ ಎರಡು ಮರದ ಕಾಲುಗಳ ಮೇಲೆ ಕೂರಿಸಿದರೆ ಕಿಟಕಿಯ ಕೆಳಗೆ ಒಳ್ಳೆ ಬೆಂಚು. ಮಣೆಗೆ ಹೊಸ ತೂತು ಕೊರೆಯದೆ ಸರಪಳಿಯ ಹಳೇ ತೂತಿನಲ್ಲೇ ಬೋಲ್ಟ್ ಹಾಕಿಸಿ. ಕಾಫಿ ಇಡುವುದು ಇಲ್ಲೇ, ಎಣ್ಣೆ ಹಚ್ಚಬೇಕಾದ್ದೂ ಇದಕ್ಕೇ.

ಬಾಗಿಲನ್ನು ಊರಲ್ಲೇ ಬಿಡಿ. ಅದನ್ನು ಮೇಜು ಮಾಡಲು ಕಾಲು, ಮೇಲೆ ಗಾಜು, ಎರಡು ದಿನದ ಕೂಲಿ ಬೇಕು. ಗೋಡೆಗೆ ನೇತುಹಾಕೋಣವೆಂದರೆ ಫ್ಲ್ಯಾಟಿನ ನಾಲ್ಕಿಂಚಿನ ಬ್ಲಾಕ್ ಗೋಡೆ ಆ ಭಾರಕ್ಕಲ್ಲ.

ಮಂಚವನ್ನು ಹಾಲ್‌ನ ಉದ್ದದ ಗೋಡೆಗೆ ಎರಡು ಇಂಚು ಸಂದು ಬಿಟ್ಟು ಹಾಕಿ, ಅದೇ ನಿಮ್ಮ ಸೋಫಾ. ಬೇರೆ ಸೋಫಾ ತರಬೇಡಿ. ಹಳೇ ಮಂಚಗಳು ಎತ್ತರ. 18 ಇಂಚಿನ ಮಂಚಕ್ಕೆ ಆರಿಂಚಿನ ಅಂಗಡಿ ಹಾಸಿಗೆ ಹಾಕಿದರೆ ಕೂತವರ ಕಾಲು ನೆಲ ಮುಟ್ಟುವುದಿಲ್ಲ. ಕಾಲು ಕೊಯ್ಯಿಸುವ ಯೋಚನೆ ಮಾತ್ರ ಬೇಡ. ಅಳತೆ ಕೊಟ್ಟು ಎರಡಿಂಚಿನ ಹತ್ತಿ ಹಾಸಿಗೆ ಹೊಲಿಸಿ, ಕೆಳಗೊಂದು ಊಟದ ಮಣೆ ಇಟ್ಟರೆ ಅಜ್ಜ ಅಜ್ಜಿಯರಿಗೂ ಸುಖ. 42 ಇಂಚು ಅಗಲ ಒರಗಿ ಕೂರಲು ಜಾಸ್ತಿಯಾಯಿತು; ಗೋಡೆಯ ಕಡೆ ಒಂಬತ್ತಿಂಚು ದಪ್ಪದ ಎರಡು ಲೋಡು, ಅದರ ಮುಂದೆ ದಪ್ಪ ದಿಂಬು ಇಟ್ಟು 22 ಇಂಚು ಉಳಿಸಿಕೊಳ್ಳಿ. ಚಕ್ಕಳಮಕ್ಕಳ ಹಾಕುವವರು ದಿಂಬು ಸರಿಸಿಕೊಳ್ಳುತ್ತಾರೆ. ಮೇಲೆ ಹಾಸಲು ಉತ್ತರ ಕರ್ನಾಟಕದ ಕೌದಿಯಷ್ಟು ಒಪ್ಪುವ ಬಟ್ಟೆ ಇನ್ನೊಂದಿಲ್ಲ, ಮನೆಯ ಹಳೇ ಸೀರೆ ಕೊಟ್ಟು ಹೊಲಿಸಬಹುದು. ನೆಲಕ್ಕೆ ನವಲಗುಂದದ ಒಂದು ಜಮಖಾನ. ಬಲ್ಬು 2,700ರಿಂದ 3,000 ಕೆಲ್ವಿನ್‌ನದು, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಈಗಿರುವುದು 6,500ರ ಬಿಳಿ ಟ್ಯೂಬಾದರೆ ಅದರಡಿ ಬೀಟೆ ಬರಿ ಕಪ್ಪಾಗಿ ಕಾಣುತ್ತದೆ, ಎಷ್ಟು ಪಾಲಿಶ್ ಹೊಡೆದರೂ.

ಲೆಕ್ಕ ಹೀಗೆ: ಗಾಡಿಗೆ 12,000. ಬಡಗಿ ನಾಲ್ಕು ದಿನ, 5,600. ಪಾಲಿಶ್‌ಗೆ ಐದು ದಿನ, 7,000. ನೀವೇ ಕೈ ಹಚ್ಚಿದರೆ ಎರಡು ದಿನಕ್ಕೆ ಇಳಿಯುತ್ತದೆ. ಅರಗು, ಸ್ಪಿರಿಟ್, ಎಣ್ಣೆ, ವಾರ್ನಿಷ್, ಔಷಧಿಗೆ 4,000 ಎತ್ತಿಡಿ. ಬೆತ್ತಕ್ಕೆ 3,500, ಹಾಸಿಗೆ, ಲೋಡು, ಕೌದಿಗೆ 6,000, ಜಮಖಾನಕ್ಕೆ 4,000, ದೀಪಕ್ಕೆ 2,500. ಒಟ್ಟು 44,600. ಉಳಿದ 5,400ನ್ನು ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳಿಗೆ ಒಯ್ಯಬೇಡಿ. ಕೈಹೆಣಿಗೆಯ ಕುರ್ಚಿಯಾದರೆ ಬೆತ್ತದ ಖರ್ಚು ಹೆಚ್ಚಾಗಬಹುದು, ಮಂಚದ ಕಾಲಿಗೆ ತುಂಡು ಕೂಡಿಸಬೇಕಾದರೆ ಇನ್ನೊಂದು ದಿನದ ಕೂಲಿ. ಅವೆರಡೂ ಬರದಿದ್ದರೂ ಒಂದು ಮಳೆಗಾಲ ಕಳೆಯುವವರೆಗೆ ಹಣ ಹಾಗೇ ಇರಲಿ, ಕಪ್ಪು ಕಾಗದವೂ ಮಂಚದ ಕೆಳಗೇ ಇರಲಿ.